ಮುದ್ದು ಮೊಲ ಮುನಿದು ಕಚ್ಚಿದಾಗ...

ಕಳೆದ ದಸರಾ ರಜೆಯ ಹೊತ್ತಿಗೆ ಗೆಳತಿಯೊಬ್ಬರು ಫೋನ್ ಮಾಡಿದ್ದರು. ದನಿಯಲ್ಲಿ ಅಳು, ಸಿಟ್ಟು ಎರಡೂ ಇತ್ತು. ‘ಮಗಳ ಹುಟ್ಟುಹಬ್ಬಕ್ಕೆ ಅಂತ ಮೊಲ ತಂದ್ವಿ ಕಣ್ರೀ. ಹತ್ತಿ ಉಂಡೆ ಥರ ಇತ್ತು. ಗುಂಡ ಅಂತ ಹೆಸರಿಟ್ವಿ. ನಾಲ್ಕು ತಿಂಗಳು ಎಷ್ಟು ಚೆನ್ನಾಗಿತ್ತು ಗೊತ್ತಾ? ಈಗ ಪಂಜರದೊಳಗೆ ಕೈ ಹಾಕೋ ಹಾಗೇ ಇಲ್ಲ. ಗುರ್ ಅಂತ ಮೈಮೇಲೇ ಬರುತ್ತೆ. ನಿನ್ನೆ ಮಗಳ ಬೆರಳು ಕಚ್ಚಿ ರಕ್ತ ಬಂತು. ನಮ್ಮತ್ತೆಯವರಂತೂ ಭಾನುವಾರ ಯಾವುದಾದ್ರೂ ಪಾರ್ಕಿಗೆ ಬಿಟ್ಟು ಬನ್ನಿ ಅಂತ ಹೇಳಿಬಿಟ್ಟಿದ್ದಾರೆ. ಏನ್ ಮಾಡ್ಲಿ?’

ಭಾನುವಾರಕ್ಕೆ ಇನ್ನು ಮೂರೇ ದಿನ ಇತ್ತು!

ನಿಮ್ಮ ಮನೆಯಲ್ಲೂ ಇಂಥದ್ದೊಂದು ಮೊಲ ಇದ್ದರೆ ಮೊದಲು ಈ ಪಾರ್ಕಿನ ಮಾತು ಮುಗಿಸಿಬಿಡೋಣ. ನಮ್ಮ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಓಡಾಡುವ ಕಂದು ಮೊಲವೇ ಬೇರೆ, ಅಂಗಡಿಯಲ್ಲಿ ಸಿಗುವ ಮೊಲವೇ ಬೇರೆ. ಕಾಡು ಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುವ ಮೊಲವೋ, ಯುರೋಪಿನ ಬಿಲದ ಮೊಲದ ವಂಶದ್ದು. ತಲೆಮಾರುಗಟ್ಟಲೆ ಪಂಜರದಲ್ಲೇ ಹುಟ್ಟಿ ಬೆಳೆದ ಆ ಬಿಳಿ ಪ್ರಾಣಿಯನ್ನು ಪಾರ್ಕಿನ ಹಸಿರು ಹುಲ್ಲಿನ ಮೇಲೆ ಬಿಟ್ಟರೆ ನಾಯಿ, ಬೆಕ್ಕು, ಹದ್ದು ಎಲ್ಲಕ್ಕೂ ದೂರದಿಂದಲೇ ಕಾಣುತ್ತದೆ. ರಾತ್ರಿ ಕಳೆಯುವುದೇ ಕಷ್ಟ. ‘ಸ್ವತಂತ್ರವಾಗಿರಲಿ ಅಂತ ಬಿಟ್ವಿ’ ಎನ್ನುವುದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಷ್ಟೇ. ಸಾಕಿದ ಪ್ರಾಣಿ ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ತಪ್ಪು ಕೂಡ.

ಸರಿ, ಬಿಡುವುದಿಲ್ಲ ಅಂತಾಯಿತು. ಆದರೆ ಕಚ್ಚುತ್ತಲ್ಲ?

ಗೆಳತಿಯ ಮಾತಿನಲ್ಲೇ ಉತ್ತರ ಇತ್ತು ನೋಡಿ. ‘ನಾಲ್ಕು ತಿಂಗಳು ಚೆನ್ನಾಗಿತ್ತು’ ಅಂದರಲ್ಲ, ಆ ನಾಲ್ಕನೇ ತಿಂಗಳಿನಿಂದ ಆರನೇ ತಿಂಗಳೊಳಗೆ ಮೊಲ ಪ್ರಾಯಕ್ಕೆ ಬರುತ್ತದೆ. ಹದಿನಾಲ್ಕರ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ನಿಮಗೆ ಹೆಚ್ಚು ವಿವರಿಸಬೇಕಿಲ್ಲ. ನಿನ್ನೆಯವರೆಗೆ ಮಡಿಲಲ್ಲಿ ಮಲಗುತ್ತಿದ್ದದ್ದು ಇವತ್ತು ‘ಇದು ನನ್ನ ಜಾಗ, ಒಳಗೆ ಬರಬೇಡಿ’ ಅನ್ನುತ್ತದೆ. ನಮ್ಮ ಮಕ್ಕಳು ಬಾಗಿಲು ಧಡ್ ಅಂತ ಹಾಕಿಕೊಳ್ಳುತ್ತಾರೆ, ಮೊಲಕ್ಕೆ ಬಾಗಿಲು ಹಾಕಿಕೊಳ್ಳಲು ಬರುವುದಿಲ್ಲ. ಹಾಗಾಗಿ ಕಚ್ಚುತ್ತದೆ. ಕಾಲಿನ ಸುತ್ತ ಗಿರಗಿರ ಸುತ್ತುವುದು, ನೈಟಿಯ ಅಂಚು ಎಳೆಯುವುದು, ಮೂಲೆ ಮೂಲೆಗೆ ಉಚ್ಚೆ ಸಿಡಿಸುವುದು ಎಲ್ಲ ಈ ಪ್ರಾಯದ ಆಟಗಳೇ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊಲದ ಕಣ್ಣುಗಳು ತಲೆಯ ಎರಡೂ ಬದಿಗೆ ಇರುವುದರಿಂದ ಅದಕ್ಕೆ ಹಿಂದೆ, ಮೇಲೆ, ಪಕ್ಕದಲ್ಲಿ ಏನಿದೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಆದರೆ ಮೂಗಿನ ನೇರ ಮುಂದೆ, ಗದ್ದದ ಕೆಳಗೆ ಇರುವುದು ಕಾಣುವುದಿಲ್ಲ. ಕೆಂಪು ಕಣ್ಣಿನ ಬಿಳಿ ಮೊಲಕ್ಕಂತೂ ದೃಷ್ಟಿ ಇನ್ನೂ ಮಂದ. ನಾವೇನು ಮಾಡುತ್ತೇವೆ? ಪ್ರೀತಿಯಿಂದ ಬೆರಳನ್ನು ಸೀದಾ ಮೂಗಿನ ಮುಂದೆ ಹಿಡಿಯುತ್ತೇವೆ. ಇಲ್ಲದಿದ್ದರೆ ಮೇಲಿನಿಂದ ಕೈ ಇಳಿಸಿ ಎತ್ತಿಕೊಳ್ಳುತ್ತೇವೆ. ಮೇಲಿನಿಂದ ಇಳಿದು ಬರುವುದೆಂದರೆ ಮೊಲದ ಲೆಕ್ಕದಲ್ಲಿ ಹದ್ದು! ಜೀವ ಉಳಿಸಿಕೊಳ್ಳಲು ಅದು ಹಲ್ಲು ಹಾಕಿದರೆ ನಾವು ‘ಕೃತಘ್ನ ಪ್ರಾಣಿ’ ಅನ್ನುತ್ತೇವೆ.

ಪಂಜರದ ಕಥೆಯೂ ಇಷ್ಟೇ. ನಾವು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗ ಯಾರಾದರೂ ಬಂದು ಡಬ್ಬ ಎಲ್ಲ ಜಾಗ ಬದಲಾಯಿಸಿ ಇಟ್ಟು ಹೋದರೆ ಸುಮ್ಮನಿರುತ್ತೇವಾ? ಮೊಲಕ್ಕೂ ಹಾಗೇ. ಅದು ಒಳಗಿರುವಾಗ ಬಟ್ಟಲು ತೆಗೆಯುವುದು, ಹುಲ್ಲು ಸರಿಸುವುದು, ಹಿಕ್ಕೆ ಗುಡಿಸುವುದು ಮಾಡಬೇಡಿ. ಬಾಗಿಲು ತೆರೆದಿಟ್ಟು ಅದಾಗಿ ಹೊರಗೆ ಬರಲಿ, ಹಾಲಿನಲ್ಲಿ ಓಡಾಡಿಕೊಂಡಿರಲಿ, ಆಗ ನಿಮ್ಮ ಕ್ಲೀನಿಂಗ್ ಮುಗಿಸಿ. ಇದೊಂದನ್ನೇ ಬದಲಾಯಿಸಿ ಹದಿನೈದು ದಿನ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಮೂರು ಸಲ ಕುಪ್ಪಳಿಸುವಷ್ಟು ಉದ್ದ, ಹಿಂಗಾಲ ಮೇಲೆ ನಿಂತರೆ ಕಿವಿ ತಾಗದಷ್ಟು ಎತ್ತರ ಇಲ್ಲದ ಪಂಜರದಲ್ಲಿ ದಿನವಿಡೀ ಕೂಡಿ ಹಾಕಿದ ಪ್ರಾಣಿ ಸಿಡುಕದೇ ಇನ್ನೇನು ಮಾಡೀತು ಹೇಳಿ. ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆಗೆ ಎರಡು ಕಡೆ ಬಾಗಿಲು ಕತ್ತರಿಸಿ ಇಡಿ. ಮಿಕ್ಸಿ ಬಂದ ಡಬ್ಬವಾದರೂ ಸಾಕು. ತಪ್ಪಿಸಿಕೊಳ್ಳಲು ದಾರಿ ಇದೆ ಎಂದು ಗೊತ್ತಾದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೊಲ ಒಮ್ಮೆಲೇ ಕಚ್ಚುವುದಿಲ್ಲ ಅನ್ನುವುದೂ ನೆನಪಿರಲಿ. ಮೊದಲು ಕಿವಿಗಳನ್ನು ಹಿಂದಕ್ಕೆ ಬೆನ್ನಿಗೆ ಅಂಟಿಸುತ್ತದೆ, ಬಾಲ ಎತ್ತುತ್ತದೆ, ಮೈ ಬಿಗಿ ಹಿಡಿಯುತ್ತದೆ. ಹಿಂಗಾಲಿನಿಂದ ನೆಲಕ್ಕೆ ದಪ್ಪನೆ ಬಡಿಯುತ್ತದೆ, ಗುರ್ ಅನ್ನುತ್ತದೆ. ಅಷ್ಟೆಲ್ಲ ಹೇಳಿದ ಮೇಲೂ ನಾವು ಕೈ ಮುಂದೆ ಚಾಚಿದರೆ ತಪ್ಪು ಯಾರದು?

ಹಾಗಂತ ಹೊಡೆಯುವುದು, ಮೂಗಿಗೆ ತಟ್ಟುವುದು, ಕಿವಿ ಹಿಡಿದು ಎತ್ತುವುದು ಖಂಡಿತ ಬೇಡ. ‘ಎರಡು ಬಿಟ್ಟರೆ ಸರಿ ಹೋಗುತ್ತೆ’ ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಬೇಡಿ, ಮೊಲವನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಬೇಟೆಯಾಗುವ ಪ್ರಾಣಿ ಅದು. ಒಂದು ಏಟು ಬಿದ್ದರೆ ‘ಈ ಮನುಷ್ಯರು ಅಪಾಯ’ ಎನ್ನುವ ಅದರ ಗುಮಾನಿ ಗಟ್ಟಿಯಾಗುತ್ತದೆ ಅಷ್ಟೇ. ಇನ್ನು ಎತ್ತುವ ವಿಷಯ. ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಬಲು ಗಟ್ಟಿ. ಹಿಂಭಾಗಕ್ಕೆ ಆಧಾರ ಇಲ್ಲದೆ ನೇತಾಡುವಾಗ ಜೋರಾಗಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು, ನಿಮ್ಮ ಮೈಗೆ ಒತ್ತಿಕೊಂಡು ಎತ್ತಬೇಕು. ಅದೂ ಬೇಕಾದಾಗ ಮಾತ್ರ. ಪುಟ್ಟ ಮಕ್ಕಳು ಎತ್ತುವುದೇ ಬೇಡ. ನೆಲದ ಮೇಲೆ ಕೂತು ಸವರಲಿ, ಜೊತೆಗೆ ದೊಡ್ಡವರೊಬ್ಬರು ಇರಲಿ.

ಹಾಗಾದರೆ ಸ್ನೇಹ ಬೆಳೆಸುವುದು ಹೇಗೆ ಅಂತೀರಾ? ಸುಲಭ, ಆದರೆ ತಾಳ್ಮೆ ಬೇಕು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತುಬಿಡಿ. ದಪ್ಪ ಸಾಕ್ಸ್ ಹಾಕಿಕೊಳ್ಳಿ. ಕೈಯಲ್ಲಿ ಇದೇ ಪುರವಣಿ ಇರಲಿ. ಮೊಲವನ್ನು ನೋಡಬೇಡಿ, ಕರೆಯಬೇಡಿ. ಪಕ್ಕದಲ್ಲಿ ನಾಲ್ಕು ಕೊತ್ತಂಬರಿ ಎಸಳು ಇಡಿ. ಅದಾಗಿ ಬಂದು ಮೂಸುತ್ತದೆ, ಗದ್ದ ಉಜ್ಜುತ್ತದೆ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇರುವುದರಿಂದ ಹಾಗೆ ಉಜ್ಜಿದರೆ ‘ಇವರು ನಮ್ಮವರು’ ಅಂತ ಗುರುತು ಹಾಕಿದ ಹಾಗೆ. ಕೆಲವು ದಿನ ಕಳೆದ ಮೇಲೆ ಪಕ್ಕದಿಂದ ಕೈ ತಂದು ಹಣೆ, ಕೆನ್ನೆ ಸವರಿ. ಹಲ್ಲು ತಾಗಿಸಿದರೆ ಕೈ ಝಾಡಿಸದೆ ಸಣ್ಣಗೆ ‘ಆಯ್’ ಅಂತ ಕಿರುಚಿ. ನೋವಾಯಿತು ಅನ್ನುವುದು ಅದಕ್ಕೆ ಅರ್ಥವಾಗುವ ಭಾಷೆ ಅದು. ಬೇರೆಯವರ ಮನೆಯ ನಾಯಿ, ಬೆಕ್ಕು ಮುಟ್ಟಿ ಬಂದಿದ್ದರೆ ಕೈ ತೊಳೆದುಕೊಂಡೇ ಹತ್ತಿರ ಹೋಗಿ. ಆ ವಾಸನೆಗೂ ಮೈಮೇಲೆ ಬೀಳುವುದುಂಟು.

ಇಷ್ಟು ಮಾಡಿದರೂ ಸರಿಹೋಗದಿದ್ದರೆ, ಅಥವಾ ಒಳ್ಳೆಯದಾಗಿದ್ದ ಮೊಲ ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದರೆ, ಅದು ಸಿಟ್ಟಲ್ಲ, ನೋವಿರಬಹುದು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಜಗಿದು ಸವೆಯಬೇಕು. ನಾವು ಬಿಸ್ಕತ್ತು, ಬ್ರೆಡ್ಡು, ದಿನಾ ಕ್ಯಾರೆಟ್ಟು ಕೊಟ್ಟು ಮುದ್ದು ಮಾಡಿದರೆ ದವಡೆಯ ಹಲ್ಲು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆ ಕೊಯ್ಯುತ್ತದೆ. ಊಟದಲ್ಲಿ ಮುಕ್ಕಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಒಣಹುಲ್ಲು ಸದಾ ಎದುರಿಗಿರಲಿ, ಜೊತೆಗೆ ಗರಿಕೆ ತೊಳೆದು ಕೊಡಿ. ಪೂಜೆಗೆ ಏರಿಸಿದ ಅರಿಶಿನ ಕುಂಕುಮದ ಗರಿಕೆ ಬೇಡ, ಔಷಧ ಹೊಡೆದ ರಸ್ತೆ ಬದಿಯದ್ದೂ ಬೇಡ. ಕಿವಿಯಲ್ಲಿ ನುಸಿ ಹತ್ತಿದರೆ, ತಂತಿಯ ನೆಲದಿಂದ ಪಾದ ಹುಣ್ಣಾಗಿದ್ದರೆ ಕೂಡ ಮುಟ್ಟಲು ಬಿಡುವುದಿಲ್ಲ. ಆದರೆ ನಾಯಿಗೆಂದು ತಂದ ಉಣ್ಣೆಯ ಔಷಧವನ್ನು ಇದಕ್ಕೂ ಹಚ್ಚಿಬಿಡಬೇಡಿ. ಅದರಲ್ಲಿ ಫಿಪ್ರೊನಿಲ್ ಇದ್ದರೆ ಮೊಲಕ್ಕೆ ವಿಷ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ‘ನಾಳೆ ನೋಡೋಣ’ ಅನ್ನದೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ಪ್ರಾಯದ ಸಿಟ್ಟಿಗೆ ನಿಜವಾದ ಮದ್ದು ಸಂತಾನಹರಣ ಆಪರೇಷನ್. ‘ಮೊಲಕ್ಕೂ ಆಪರೇಷನ್ನಾ?’ ಅಂತ ಯಜಮಾನರು ನಗಬಹುದು. ನಗಲಿ ಬಿಡಿ. ಗಂಡಿಗೆ ನಾಲ್ಕೈದು ತಿಂಗಳಾದ ಮೇಲೆ, ಹೆಣ್ಣಿಗೆ ಐದಾರು ತಿಂಗಳಾದ ಮೇಲೆ ಮಾಡಿಸಬಹುದು. ಹೆಣ್ಣಿಗಂತೂ ಮಾಡಿಸಿದರೆ ಎರಡು ಲಾಭ. ಮಾಡಿಸದೆ ಬಿಟ್ಟ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ. ಎಲ್ಲ ಡಾಕ್ಟರೂ ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇರುವವರಲ್ಲ. ‘ಮೊದಲು ಎಷ್ಟು ಮೊಲಕ್ಕೆ ಮಾಡಿದ್ದೀರಿ ಸಾರ್?’ ಅಂತ ಕೇಳಲು ಸಂಕೋಚ ಬೇಡ. ಆಪರೇಷನ್ನಿಗೆ ಮುಂಚೆ ನಾಯಿ ಬೆಕ್ಕಿನ ಹಾಗೆ ಉಪವಾಸ ಹಾಕಿ ಅಂದರೆ ಬೇರೆ ಡಾಕ್ಟರನ್ನು ಹುಡುಕಿ, ಯಾಕೆಂದರೆ ಮೊಲದ ಹೊಟ್ಟೆ ಖಾಲಿ ಇರಬಾರದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಹಾಸನ, ಶಿವಮೊಗ್ಗ, ಬೀದರಿನಲ್ಲೂ ಇಂಥ ಕಾಲೇಜುಗಳಿವೆ. ಅಲ್ಲಿ ವಿಚಾರಿಸಿ. ಆಪರೇಷನ್ ಆದ ಮರುದಿನವೇ ಸಾಧುವಾಗುತ್ತದೆ ಅಂದುಕೊಳ್ಳಬೇಡಿ. ಹಾರ್ಮೋನು ಇಳಿಯಲು ನಾಲ್ಕರಿಂದ ಆರು ವಾರ ಬೇಕು.

ಎರಡು ಮೊಲ ಸಾಕಿದವರಿಗೆ ಒಂದು ಮಾತು. ‘ಎರಡೂ ಹೆಣ್ಣೇ ಮೇಡಂ’ ಅಂತ ಅಂಗಡಿಯವರು ಹೇಳಿದ್ದನ್ನು ಪೂರ್ತಿ ನಂಬಬೇಡಿ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಗಂಡು ಹೆಣ್ಣಾದರೆ ತಿಂಗಳಿಗೊಂದು ಬಾಣಂತನ, ಎರಡೂ ಗಂಡಾದರೆ ರಕ್ತ ಬರುವ ಹೊಡೆದಾಟ. ಕಾದಾಡುವಾಗ ಮಧ್ಯೆ ಕೈ ಹಾಕದೆ ದಪ್ಪ ಟವೆಲ್ಲೋ ಕಸದ ಮೊರವೋ ನಡುವೆ ತೂರಿಸಿ ಬಿಡಿಸಿ, ಬೇರೆ ಬೇರೆ ಇಡಿ.

ಮಕ್ಕಳಿಗೆ ಕಚ್ಚಿದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಗಾಯ ಆಳವಾಗಿದ್ದರೆ ಕೀವು ಕಟ್ಟುತ್ತದೆ. ಡಾಕ್ಟರಿಗೆ ತೋರಿಸಿ, ಟಿಟಿ ಬೇಕೇ, ಬೇರೆ ಇಂಜೆಕ್ಷನ್ ಬೇಕೇ ಅಂತ ಅವರು ಹೇಳುತ್ತಾರೆ.

ಅಂದ ಹಾಗೆ ಆ ಗೆಳತಿಯ ಗುಂಡ? ಅತ್ತೆಯವರ ಹತ್ತಿರ ಎರಡು ತಿಂಗಳ ವಾಯಿದೆ ಕೇಳಿಕೊಳ್ಳಿ ಅಂದಿದ್ದೆ. ಪುಣ್ಯಕ್ಕೆ ಒಪ್ಪಿದರು. ಅದು ಎದೆಯ ಕೂದಲು ಕಿತ್ತು, ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಮೂಲೆಯಲ್ಲಿ ಗೂಡು ಮಾಡುತ್ತಿದೆ ಅಂತ ಮರುದಿನ ಫೋನ್ ಬಂತು. ಡಾಕ್ಟರು ನೋಡಿ ನಕ್ಕರಂತೆ. ಗುಂಡ ಅಲ್ಲ, ಗುಂಡಮ್ಮ! ಬಸುರಿಲ್ಲದೆಯೂ ಬಸುರಾದ ಹಾಗೆ ಹೆಣ್ಣು ಮೊಲಕ್ಕೆ ಆಗಾಗ ಅನ್ನಿಸುತ್ತದೆ, ಎರಡು ಮೂರು ವಾರ ಹಾಗೇ ಇರುತ್ತದೆ, ಗೂಡಿನ ಹತ್ತಿರ ಬಂದವರಿಗೆಲ್ಲ ಕಚ್ಚುತ್ತದೆ. ಅದು ಕಳೆದ ಮೇಲೆ ಆಪರೇಷನ್ ಮಾಡಿಸಿದರು. ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ಮಗಳು ಬೆರಳು ತೋರಿಸಿದಳು, ಸಣ್ಣ ಗೆರೆ ಅಷ್ಟೇ ಉಳಿದಿದೆ. ಈಗ ಗುಂಡಮ್ಮ ಅತ್ತೆಯವರು ಸೀರಿಯಲ್ ನೋಡುವಾಗ ಅವರ ಪಾದದ ಹತ್ತಿರವೇ ಮಲಗುತ್ತಂತೆ. ಪೊರಕೆ ಕಂಡರೆ ಮಾತ್ರ ಇನ್ನೂ ಮೈಮೇಲೆ ಬೀಳುತ್ತಂತೆ. ಅದು ಬೇರೆ ಕಡೆ ಇರುವಾಗ ಗುಡಿಸಿ ಅಂದಿದ್ದೇನೆ.