ಸೌದೆ ಸೀಳುವ ಯಂತ್ರ: ಬೆಸುಗೆಗೆ ಮುನ್ನ ಲೆಕ್ಕ



ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಸೌದೆ ಬೇಕು. ಸೌದೆ ಸೀಳಲು ಆಳು ಸಿಗುವುದಿಲ್ಲ. ಮಲೆನಾಡಿನಲ್ಲಿ ಇಂದು ಕೇಳಿಬರುವ ಮಾತಿದು. ಆದ್ದರಿಂದ ಕೆಲವು ಉತ್ಸಾಹಿ ರೈತರು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಟ್ರಾಕ್ಟರಿನ ಹೈಡ್ರಾಲಿಕ್ ಶಕ್ತಿಯಿಂದ ನಡೆಯುವ ಸೀಳುವ ಯಂತ್ರ ಮಾಡಿಸುತ್ತಿದ್ದಾರೆ. ಈ ಸ್ವಾವಲಂಬನೆ ಮೆಚ್ಚತಕ್ಕದ್ದೇ. ಆದರೆ ನಾನು ನೋಡಿದ ಒಂದು ಯಂತ್ರದಲ್ಲಿ ತೊಲೆ, ಬೆಣೆ, ಸಿಲಿಂಡರು ಎಲ್ಲವೂ ಗಟ್ಟಿಯಾಗಿದ್ದು, ಎಣ್ಣೆ ಒಯ್ಯಲು ಮಾತ್ರ ಔಷಧಿ ಸಿಂಪಡಿಸುವ ಹಳೆಯ ಪೈಪನ್ನು ಜೋಡಿಸಲಾಗಿತ್ತು. ಕಬ್ಬಿಣಕ್ಕೆ ಕೊಟ್ಟ ಗಮನವನ್ನು ಎಣ್ಣೆಗೆ ಕೊಟ್ಟಿರಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಮೊದಲು ಲೆಕ್ಕ, ಆಮೇಲೆ ಬೆಸುಗೆ.

ಲೆಕ್ಕ ಕಷ್ಟದ್ದಲ್ಲ. ಸಿಲಿಂಡರಿನ ಒಳವ್ಯಾಸ 10 ಸೆಂ.ಮೀ. ಇದ್ದರೆ ಪಿಸ್ಟನ್ನಿನ ಮುಖ 78.5 ಚದರ ಸೆಂ.ಮೀ. ಎಣ್ಣೆಯ ಒತ್ತಡ ಚದರ ಸೆಂ.ಮೀ.ಗೆ 150 ಕಿ.ಗ್ರಾಂ. ಆದರೆ ಬೆಣೆಯ ಮೇಲೆ ಬೀಳುವ ಬಲ ಸುಮಾರು 11.8 ಟನ್. ಪಂಪು ನಿಮಿಷಕ್ಕೆ 20 ಲೀಟರ್ ಎಣ್ಣೆ ಕೊಟ್ಟರೆ 60 ಸೆಂ.ಮೀ. ಮುಂದೆ ಸಾಗಲು 14 ಸೆಕೆಂಡು ಬೇಕು. ಒಳವ್ಯಾಸ 8 ಸೆಂ.ಮೀ. ಆದರೆ ಬಲ 7.5 ಟನ್, ಸಮಯ 9 ಸೆಕೆಂಡು. ಪಂಪು ಒಂದೇ ಆಗಿರುವಾಗ ಬಲ ಹೆಚ್ಚಿದಷ್ಟೂ ವೇಗ ಕಡಿಮೆ. ಅತಿ ಕೆಟ್ಟ ಗಂಟಿನ ಕೊರಡಿಗಾಗಿ ಯಂತ್ರ ಕಟ್ಟಬೇಡಿ. ಅಂಥದನ್ನು ಗರಗಸದಿಂದ ತುಂಡುಮಾಡಿ ಹಾಗೆಯೇ ಒಲೆಗೆ ಹಾಕುವುದು ಲೇಸು.

ಬೆಣೆಯನ್ನು ಮುಂದಕ್ಕೆ ತಳ್ಳುವ ಬಲವೇ ತೊಲೆಯ ಎರಡು ತುದಿಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಪ್ರತಿಯೊಂದು ಬೆಸುಗೆಯೂ ಅದನ್ನು ತಾಳಬೇಕು. ಒತ್ತಡ ಮಿತಿಮೀರಿದಾಗ ಎಣ್ಣೆಯನ್ನು ಹಿಂದಿರುಗಿಸುವುದು ರಿಲೀಫ್ ವಾಲ್ವ್ ಎಂಬ ಕವಾಟ. ಕೊರಡು ಸೀಳಲಿಲ್ಲವೆಂದು ಇದರ ಸ್ಕ್ರೂ ಬಿಗಿಮಾಡುವವರಿದ್ದಾರೆ. ಆ ಕೆಲಸ ಎಂದಿಗೂ ಕೂಡದು. ಪ್ರತ್ಯೇಕ ಪಂಪು ಹಾಕುವವರು ಈ ಕವಾಟವಿಲ್ಲದೆ ಯಂತ್ರ ಚಾಲೂ ಮಾಡಲೇಬಾರದು.

ಹಲವು ಟ್ರಾಕ್ಟರುಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆಯೇ ಹೈಡ್ರಾಲಿಕ್ಕಿಗೂ ಹೋಗುತ್ತದೆ. ಜೋಡಣೆಯ ಬಾಯಿಯಲ್ಲಿ ಅಂಟಿದ ಮಣ್ಣು ಗೇರುಗಳಿಗೂ ತಲುಪುತ್ತದೆಂಬುದನ್ನು ಮರೆಯದಿರಿ. ಸಿಲಿಂಡರು ತುಂಬಿದ ಬಳಿಕ ಎಣ್ಣೆಯ ಮಟ್ಟವನ್ನು ಮತ್ತೆ ನೋಡಿರಿ.

“ಕೊಡಲಿಯಲ್ಲಿ ಅಪಾಯವಿಲ್ಲವೇ?” ಎಂದು ನೀವು ಕೇಳಬಹುದು. ಇದೆ; ಆದರೆ ಕೊಡಲಿಯ ಅಲಗು ಕಣ್ಣಿಗೆ ಕಾಣುತ್ತದೆ. ಪೈಪಿನ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಾಣದಂತೆಯೇ ಚರ್ಮವನ್ನು ಹೊಕ್ಕುತ್ತದೆ. ಗಾಯ ಸಣ್ಣದೆಂದು ಸುಣ್ಣ, ಅರಿಶಿನ ಹಚ್ಚಿ ಕೂತರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು; ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಿರಿ. ಒತ್ತಡಕ್ಕೆ ತಕ್ಕ ಹೈಡ್ರಾಲಿಕ್ ಪೈಪನ್ನೇ ಕೊಳ್ಳಿರಿ; ನೀರಿನ ಜಿ.ಐ. ಪೈಪು ಇದಕ್ಕಲ್ಲ. ಕೊರಡು ಇಡುವವರೇ ಹಿಡಿಕೆ ನಡೆಸಲಿ. ಒಬ್ಬರು ಇಟ್ಟು ಇನ್ನೊಬ್ಬರು ಹಿಡಿಕೆ ಎಳೆದರೆ ಬೆರಳಿಗೆ ಆಪತ್ತು. ಕೈ ಬಿಟ್ಟೊಡನೆ ಬೆಣೆ ನಿಲ್ಲುವಂಥ ಕವಾಟವಿರಲಿ.

ಇಷ್ಟೆಲ್ಲ ಮಾಡಲು ಖರ್ಚು ಹೆಚ್ಚೆನ್ನುವಿರಾ? ಹೌದು. ಆದರೆ ವರ್ಷದಲ್ಲಿ ಕೆಲವೇ ದಿನ ದುಡಿಯುವ ಯಂತ್ರ ಮನೆಗೊಂದು ಏಕೆ? ಐದಾರು ಮನೆಯವರು ಕೂಡಿ ಒಂದೇ ಯಂತ್ರವನ್ನು ಸರಿಯಾಗಿ ಮಾಡಿಸಿಕೊಳ್ಳಿರಿ. ಬೆಸುಗೆಗೆ ಮೊದಲು ಕೃಷಿ ಇಂಜಿನಿಯರರೊಬ್ಬರಿಗೆ ನಕ್ಷೆ ತೋರಿಸಿರಿ. ಹಸಿಯಾಗಿರುವಾಗಲೇ ಸೀಳಿ, ಬೇಸಿಗೆಯಲ್ಲಿ ಒಣಗಿಸಿ, ಮಳೆಗೆ ಮುನ್ನ ಸೂರಿನಡಿ ಪೇರಿಸಿದರೆ ಮುಂದಿನ ಸುಗ್ಗಿಗೆ ಕಡಿಮೆ ಸೌದೆಯಲ್ಲೇ ಹಂಡೆ ಕುದಿಯುತ್ತದೆ. ಹಸಿ ಸೌದೆಯ ಶಾಖದ ಒಂದು ಪಾಲು ತನ್ನ ನೀರನ್ನು ಆರಿಸುವುದರಲ್ಲೇ ವ್ಯರ್ಥ.

ಕಡಿದ ಮರದ ಬುಡದಲ್ಲಿ ಚಿಗುರು ಬಂದೀತು. ಕಳೆದ ಬೆರಳು ಮತ್ತೆ ಚಿಗುರದು. ಯೋಚಿಸಿ ಮುಂದುವರಿಯಿರಿ.