ಮಗ ಕೇಳಿದ ಬುತ್ತಿ

ಈ ತಿಂಗಳು ಅಡುಗೆಮನೆಯ ಮಾತು. ಶಾಸ್ತ್ರಿಗಳಿಗೆ ವಿಷಯ ಬತ್ತಿತೆಂದು ಯಾರೂ ನಗಬಾರದು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದು ಸಿದ್ಧವಾಗುವ ತಾಣದ ಬಗೆಗೆ ನಾವು ಇಷ್ಟು ವರ್ಷ ಬರೆಯದೆ ಉಳಿದುದೇ ಲೋಪ.

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಬೆಂಗಳೂರಿಗೆ ಹೋದಾಗ, ಬಹುಕಾಲದ ಪರಿಚಯದ ಭಕ್ತರ ಮನೆಯಲ್ಲಿ ತಂಗಿದ್ದೆವು. ಮೂಲತಃ ಧಾರವಾಡ ಸೀಮೆಯ ಒಕ್ಕಲು ಮನೆತನ. ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಾಗ ಬಡಿಸಲು ಬಂದವನು ಮನೆಯ ಮಗ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯದ ಪಚಡಿ, ಗುರೆಳ್ಳು ಪುಡಿ. ಎಲ್ಲವೂ ಆತನ ಕೈಯವೇ ಎಂದು ತಿಳಿದು ನಮಗೆ ಆಶ್ಚರ್ಯವಾಯಿತು. ಆತ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿದವನು. ನೀರು ಕಾಯಿಸಲೂ ಒಲೆಯ ಹತ್ತಿರ ಸುಳಿದವನಲ್ಲ.

ಆತ ಒಳಗೆ ಹೋದ ಮೇಲೆ ತಾಯಿ ಮೆಲ್ಲಗೆ ಹೇಳಿದರು: "ಹದಿನಾಲ್ಕು ವರ್ಷದಾಗ ಒಂದ್ ದಿನಾನೂ ಬುತ್ತಿ ಕೇಳಿದಾಂವಲ್ಲರೀ ಶಾಸ್ತ್ರಿಗಳಽ. ಊಟಾ ಆಫೀಸಿನಾಗಽ ಇರತಿತ್ತು. ಕಾರಹುಣ್ಣಿಮಿ ಮುಂದ ಒಂದ್ ದಿನಾ 'ಯವ್ವಾ, ಎರಡ್ ರೊಟ್ಟಿ ಕಟ್ಟಿ ಕೊಡು' ಅಂದ. ನನ್ನ ಎದಿ ಝಲ್ಲಂತು."

ತಾಯಿಯ ಎದೆ ಸುಳ್ಳು ಹೇಳಲಿಲ್ಲ. ಹದಿನೆಂಟು ದಿನಗಳ ಹಿಂದೆಯೇ ಆತನ ನೌಕರಿ ಹೋಗಿತ್ತು. ಪರದೆಯ ಮೇಲೆ ಕಾಲು ಗಂಟೆಯ ಮಾತುಕತೆ, ಅಷ್ಟೇ. ಮರುದಿನ ಕಚೇರಿಯ ಬಾಗಿಲು ಆತನ ಗುರುತಿನ ಚೀಟಿಗೆ ತೆರೆಯಲಿಲ್ಲ. ಮನೆಯಲ್ಲಿ ಹೇಳಲು ಬಾಯಿ ಬಾರದೆ ಪ್ರತಿದಿನ ಚೀಲ ಹೆಗಲಿಗೇರಿಸಿ ಹೊರಟು, ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಸಂಜೆಯಾಗಿಸಿ ಮರಳುತ್ತಿದ್ದ. ಮೊದಮೊದಲು ದರ್ಶಿನಿಯಲ್ಲಿ ಉಂಡ. ಆಮೇಲೆ ಕಿಸೆ ಮುಟ್ಟಿನೋಡಿಕೊಂಡ. ಬುತ್ತಿ ಕೇಳಿದ್ದು ಆಗ.

ಅಂದು ರಾತ್ರಿ ಮಾಳಿಗೆಯ ಮೇಲೆ ಆತ ನಮ್ಮನ್ನು ಕೇಳಿದ: "ನೌಕರಿನೂ ಕಾಯಕನಽ ಅಂತ ನೀವಽ ನಮ್ಮೂರ ಜಾತ್ರ್ಯಾಗ ಹೇಳಿದ್ರಿ. ಹಂಗಾರ ನನ್ನ ಕಾಯಕಾ ಕಸಗೊಳ್ಳಾಕ ಅವರ್ಯಾರ್ರೀ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮಾತನ್ನು ನಾವು ಆಡಿದ್ದುದು ನಿಜ. ಹೊಲ ಮಾರಿಯಾದರೂ ಮಕ್ಕಳನ್ನು ಓದಿಸಿರಿ, ದೊಡ್ಡ ಕಂಪನಿಗೆ ಸೇರಿಸಿರಿ ಎಂದು ವೇದಿಕೆಯಿಂದ ಹೇಳಿ ಚಪ್ಪಾಳೆ ಪಡೆದವರು ನಾವು. ಕಂಪನಿಯ ನೌಕರಿ ಕಲ್ಲಿನ ಮನೆ ಎಂದೇ ಭಾವಿಸಿದ್ದೆವು. ಆದರೆ 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆಯು 11,000 ಜನರನ್ನೂ 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನೂ ಕೆಲಸದಿಂದ ಬಿಡಿಸುವುದಾಗಿ ಸಾರಿದವು. ಇದು ಹೊಸ ರೋಗವೇನೂ ಅಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು. ನಮ್ಮ ಮಣಿಕಟ್ಟಿನ ಎಚ್‌.ಎಂ.ಟಿ. ಗಡಿಯಾರ ಇಂದಿಗೂ ಸರಿಯಾದ ವೇಳೆ ತೋರಿಸುತ್ತದೆ. ಅದನ್ನು ಮಾಡಿದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿಯೇ ಒಪ್ಪಿಗೆ ಕೊಟ್ಟಿತು.

ಕಾಯಕವೂ ನೌಕರಿಯೂ ಒಂದೇ ಅಲ್ಲ. ಅಂಬಿಗರ ಚೌಡಯ್ಯನ ಹುಟ್ಟನ್ನು, ಮಡಿವಾಳ ಮಾಚಿದೇವರ ಒಗೆಯುವ ಕಲ್ಲನ್ನು ಒಂದು ಓಲೆ ಕಳುಹಿಸಿ ಕಸಿದುಕೊಳ್ಳುವ ಒಡೆಯನಿರಲಿಲ್ಲ. ಎಷ್ಟು ಬೇಕೆಂಬ ಲೆಕ್ಕವೂ ಮನೆಯೊಳಗೇ ಇತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿರುಗಿ ಕಳುಹಿಸಿದ ಕಥೆ ನಿಮಗೆಲ್ಲ ಗೊತ್ತು. ಅಳತೆ ಅಡುಗೆ ಮಾಡುವವಳ ಕೈಯಲ್ಲಿತ್ತು. ಈ ಭೇದವನ್ನು ನುಂಗಿ ಭಾಷಣ ಸಿಹಿ ಮಾಡಿದ ತಪ್ಪು ನಮ್ಮದು.

ಹಾಗೆಂದು ಪಲ್ಯ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ನಾವು ಹೇಳಹೊರಟಿಲ್ಲ. ಬದನೆಕಾಯಿಯಿಂದ ಬ್ಯಾಂಕಿನ ಕಂತು ತೀರದು. ಸೊಸೆಗೆ ಶಾಲೆಯಲ್ಲಿ ಕೆಲಸ, ತಾಯಿಗೆ ಮೊಣಕಾಲು ನೋವು. ಮನೆಯಲ್ಲಿದ್ದವನು ಆತನೊಬ್ಬನೇ, ಆದ್ದರಿಂದ ಒಲೆ ಹಚ್ಚಿದ. ಮೊದಲ ವಾರ ಆತ ಬಡಿದ ರೊಟ್ಟಿ ಭೂಪಟದಂತಿತ್ತೆಂದು ತಾಯಿ ನಗುತ್ತಾರೆ. ಮೊದಲು ಆ ಮನೆಗೆ ವಾರಕ್ಕೆ ನಾಲ್ಕು ರಾತ್ರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಬರುತ್ತಿತ್ತಂತೆ. ಅದು ನಿಂತಿತು.

ಗಂಡಸರಿಗೆ ಇದು ಕೀಳು ಕೆಲಸವೆನ್ನುವವರಿಗೆ ಒಂದು ಮಾತು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ನಮಗೆಲ್ಲರಿಗೂ ಸರತಿಯಿತ್ತು. ಭಕ್ತರು ಗಾಡಿಯಲ್ಲಿ ತಂದ ಕುಂಬಳಕಾಯಿಯನ್ನು ನಸುಕಿನಲ್ಲಿಯೇ ಹೆಚ್ಚಿಕೊಟ್ಟು ಪಾಠಕ್ಕೆ ಓಡುತ್ತಿದ್ದೆವು. ನಮಗೆ ವ್ಯಾಕರಣ ಕಲಿಸಿದ ಗುರುಗಳೇ ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಬೇಕೆಂದು ಗದರಿದವರು. ಹೆಚ್ಚಿ ತೊಳೆದರೆ ಸತ್ತ್ವ ನೀರಿನೊಡನೆ ಹೋಗುತ್ತದೆಂದು ಇಂದಿನ ಆಹಾರಶಾಸ್ತ್ರವೂ ಹೇಳುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ 400 ಗ್ರಾಂ ಕಾಯಿಪಲ್ಯ ಹೇಳಿದೆ. ನಾಲ್ವರ ಮನೆಗೆ ಒಂದೂವರೆ ಕಿಲೋಗೂ ಹೆಚ್ಚು. ನಮ್ಮ ಮನೆಗಳಲ್ಲಿ ಅನ್ನದ ಗುಡ್ಡದ ಪಕ್ಕದಲ್ಲಿ ಎರಡು ಚಮಚ ಪಲ್ಯ ಇಟ್ಟು ಕೈತೊಳೆದುಕೊಳ್ಳುತ್ತೇವೆ. ಹಿರಿಯರು ಬಡತನದಲ್ಲಿಯೂ ಹಾಗೆ ಉಣ್ಣುತ್ತಿರಲಿಲ್ಲ. ಹೊಲದ ಬದುವಿನ ಹಕ್ಕರಿಕೆ, ಹಿತ್ತಲಿನ ರಾಜಗಿರಿ, ಮೊಳಕೆ ಬರಿಸಿದ ಮಡಿಕೆಕಾಳು ರೊಟ್ಟಿಯ ಮೇಲೆ ಧಾರಾಳವಾಗಿ ಬೀಳುತ್ತಿದ್ದವು.

ಆ ಪುಂಡಿಪಲ್ಯದ ಕ್ರಮವನ್ನು ನಾವು ಕೇಳಿ ಬರೆದುಕೊಂಡೆವು. ಎಲೆಗಳನ್ನು ಬಿಡಿಸಿ, ತೊಳೆದು, ಒಂದು ಕುದಿ ಬರಿಸಿ, ಹುಳಿ ಹೆಚ್ಚಾಗಿದ್ದರೆ ಆ ನೀರನ್ನು ಬಸಿಯಬೇಕು. ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಸೇರಿಸಿ ಮೆತ್ತಗೆ ಬೇಯಿಸಿ ಮಸೆಯಬೇಕು. ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ; ಅದಕ್ಕೆ ಎರಡು ಚಮಚ ಎಣ್ಣೆ ಸಾಕು. ಎಣ್ಣೆಗಾಯಿಗೂ ಆತ ಹೀಗೆಯೇ ಎಣ್ಣೆ ಕಡಿಮೆ ಮಾಡಿದ್ದಾನೆ. ಶೇಂಗಾ, ಗುರೆಳ್ಳು ತುಂಬಿದ ಎಳೆಯ ಬದನೆಯನ್ನು ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸುತ್ತಾನೆ. ಹೆಸರಿಗೆ ತಕ್ಕಂತೆ ಎಣ್ಣೆ ತೇಲಬೇಕೆಂಬ ಹಟ ನಮಗೂ ಇತ್ತು. ಉಂಡ ಮೇಲೆ ಬಿಟ್ಟೆವು. ಪಚಡಿಗೆ ಬೆಂಕಿಯೇ ಬೇಡ: ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಶೇಂಗಾಪುಡಿ, ಮೇಲೆ ನಿಂಬೆಹಣ್ಣು. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಉಂಡೊಡನೆ ಚಹಾ ಕುಡಿಯುವ ಚಾಳಿ ಅದನ್ನು ಕೆಡಿಸುತ್ತದೆ.

ಕಾರ್ತಿಕದಲ್ಲಿ ಆತನ ದೂರವಾಣಿ ಬಂದಿತು. ಬೇರೊಂದು ಕಂಪನಿಯಲ್ಲಿ ಆರು ತಿಂಗಳ ಕರಾರಿನ ಕೆಲಸ, ಸಂಬಳ ಹಿಂದಿನದರ ಮುಕ್ಕಾಲು ಪಾಲು. ಆರು ತಿಂಗಳ ಆಚೆಗೆ ಏನೆಂದು ನಾವು ಕೇಳಲಿಲ್ಲ, ಆತನೂ ಹೇಳಲಿಲ್ಲ. ಅಲ್ಲಿಯೂ ಮಧ್ಯಾಹ್ನದ ಊಟ ಕೊಡುತ್ತಾರಂತೆ. ಆದರೆ ಬೆಳಿಗ್ಗೆ ಐದಕ್ಕೆದ್ದು ತನ್ನದೂ ಹೆಂಡತಿಯದೂ ಬುತ್ತಿಯನ್ನು ತಾನೇ ಕಟ್ಟುತ್ತಾನೆ. ಆಮೇಲೆ ತಾಯಿಯ ಕೈಗೆ ದೂರವಾಣಿ ಹೋಯಿತು. ಪಲ್ಯಕ್ಕೆ ಉಪ್ಪು ತುಸು ಹೆಚ್ಚಾಗುತ್ತಿದೆ, ಶಾಸ್ತ್ರಿಗಳು ಒಂದು ಮಾತು ಹೇಳಬೇಕು ಎಂದರು.