ಹುಳಿಯಾದ ಕಾಫಿ

ಬೆಂಗಳೂರಿನಲ್ಲಿರುವ ಮಗ ದಸರೆಗೆ ಬರುವಾಗ ಗೆಟ್ಟವಾಡಿಯ ನಮ್ಮ ಮನೆಗೊಂದು ಎಸ್ಪ್ರೆಸೊ ಯಂತ್ರವನ್ನು ತಂದನು. ಅದರಿಂದ ಇಳಿದ ಕಾಫಿ ತೆಳ್ಳಗೆ, ಹುಳಿಹುಳಿ. "ಇದ್ಕ ಇಷ್ಟೊಂದು ದುಡ್ಡು ಕೊಟ್ಟಿಯಾ ಮಗ?" ಎಂದು ಅತ್ತೆಯವರು ಲೋಟವನ್ನು ಸರಿಸಿದರು. ಅವನ ಮುಖ ಬಾಡಿತು. ಯಂತ್ರವನ್ನು ಹಿಂದಿರುಗಿಸುವ ಮಾತೂ ಬಂದಿತು.

ದೋಷವಿದ್ದುದು ಪುಡಿಯಲ್ಲಿ. ಫಿಲ್ಟರಿಗೆಂದು ತರಿಯಾಗಿ ಬೀಸಿದ ಪುಡಿಯನ್ನೇ ನಾವು ಹಾಕಿದ್ದೆವು. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುವುದರಿಂದ ಅಷ್ಟು ತರಿಯಿದ್ದರೂ ಸಾರ ಬಿಡುತ್ತದೆ. ಎಸ್ಪ್ರೆಸೊದಲ್ಲಾದರೋ ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗುವ ಬಿಸಿನೀರು, ಸಾರವನ್ನು ಹೀರುವ ಮೊದಲೇ ತರಿಗಳ ನಡುವೆ ಹಾದುಹೋಗುತ್ತದೆ. ಗಡಿಯಾರ ಹಿಡಿದು ನೋಡಿದೆ: ಹತ್ತೇ ಸೆಕೆಂಡು! ಸಾಮಾನ್ಯವಾಗಿ 25ರಿಂದ 30 ಸೆಕೆಂಡು ಹಿಡಿಯಬೇಕು.

ಚಿಕ್ಕಮಗಳೂರಿನಿಂದ ಹುರಿದ ಬೀಜ ತರಿಸಿ, ನುಣ್ಣಗೆ ಬೀಸಿ, ಸಮವಾಗಿ ಒತ್ತಿದೆವು. ತೀರ ನುಣ್ಣಗಾದ ದಿನ ಕಾಫಿ ತೊಟ್ಟಿಕ್ಕಿ ಕಹಿಯಾಯಿತು. ಮರುದಿನ ತುಸು ತರಿ ಮಾಡಿದೆವು. ನಾಲ್ಕನೆಯ ದಿನ ಹದ ಸಿಕ್ಕಿತು. ಕೊಳವೆಬಾವಿಯ ಗಡಸು ನೀರನ್ನು ಬಳಸುವವರು ಯಂತ್ರದೊಳಗೆ ಕಟ್ಟುವ ಸುಣ್ಣವನ್ನು ಕೈಪಿಡಿಯಲ್ಲಿ ಹೇಳಿದಂತೆ ಆಗಾಗ ಕಳೆಯಬೇಕು.

ಅತ್ತೆಯವರು ಈಗ ಅದಕ್ಕೆ ಹಾಲು, ಬೆಲ್ಲ ಬೆರೆಸಿ ಎರಡು ಹೊತ್ತೂ ಕುಡಿಯುತ್ತಾರೆ. ಅದನ್ನು ಎಸ್ಪ್ರೆಸೊ ಎನ್ನಲು ಮಗ ಒಪ್ಪುವುದಿಲ್ಲ.